ಕಳೆದುಹೋದ ಪದಕಕ್ಕೆ ಅಂಗಡಿ ದಾರಿ ತೋರಿಸಬೇಡಿ

ಮಾನ್ಯ ಸಂಪಾದಕರೇ,

ಮಾಜಿ ಸೈನಿಕರ ಪೆನ್ಶನ್ ಬಗ್ಗೆ, ಕ್ಯಾಂಟೀನ್ ಬಗ್ಗೆ, ಇಸಿಎಚ್‌ಎಸ್ ಆಸ್ಪತ್ರೆ ಬಗ್ಗೆ, ಜಮೀನು ಮಂಜೂರಾತಿ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬರಬೇಕಾದ್ದೇ. ಆದರೆ ಕಳೆದುಹೋದ ಪದಕಗಳ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕತ್ತರಿ ಹಾಕುವುದಿದ್ದರೆ ಕೊನೆಯ ಭಾಗಕ್ಕೆ ಮಾತ್ರ ಹಾಕಬೇಡಿ, ಕೇಳಿಕೊಳ್ಳಬೇಕಾದ್ದು ಅಲ್ಲೇ ಇದೆ.

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಹವಾಲ್ದಾರ್ ಆಗಿ ನಿವೃತ್ತಿಯಾಗಿ ಊರಿಗೆ ಬಂದೆ. ಕಾಗದಪತ್ರದ ಕೆಲಸ ಗೊತ್ತಿರುವವನು ಅಂತ ಸುತ್ತಲಿನ ಮಾಜಿ ಸೈನಿಕರ ಮನೆಯವರು ಅರ್ಜಿ ಬರೆಸಿಕೊಳ್ಳಲು ಬರುತ್ತಾರೆ. ಹೆಚ್ಚಿನವರು ಬರುವುದು ಪೆನ್ಶನ್ ವಿಷಯಕ್ಕೆ, ಇಲ್ಲವೇ ಹೆಸರಿನ ಸ್ಪೆಲ್ಲಿಂಗ್ ತಿದ್ದಿಸುವುದಕ್ಕೆ. ಅದೆಲ್ಲ ಮುಗಿದು ಎದ್ದು ಹೊರಡುವಾಗ ಕೆಲವರು ಬಾಗಿಲ ಹತ್ತಿರ ನಿಲ್ಲುತ್ತಾರೆ. ಕೇಳೋದೋ ಬೇಡವೋ ಅನ್ನುವ ಸಂಕೋಚ. ಪಕ್ಕದ ಊರಿನ ಒಬ್ಬ ಅಜ್ಜಿ ಹೀಗೇ ಕೇಳಿದರು: "ಪೆನ್ಶನ್ ಬರ್ತದೆ ಮಗಾ, ಅದಕ್ಕೇನೂ ತೊಂದ್ರೆ ಇಲ್ಲ. ನಿಮ್ಮ ಅಜ್ಜನ ಮೆಡಲ್ ಇನ್ನೊಂದು ಸಲ ಕೊಡ್ತಾರಾ?"

ಅವರ ಯಜಮಾನರು 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ದವರು. ಪಶ್ಚಿಮಿ ಸ್ಟಾರ್ ಇತ್ತು, ಸಂಗ್ರಾಮ್ ಮೆಡಲ್ ಇತ್ತು, ಸ್ವಾತಂತ್ರ್ಯದ 25ನೇ ವರ್ಷಕ್ಕೆ ಕೊಟ್ಟ ಪದಕ ಇತ್ತು, ಸೈನ್ಯ ಸೇವಾ ಮೆಡಲ್ ಇತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆಯ ಜೊತೆ ಅವೂ ಹೋದವು. ಆ ವರ್ಷ ಮಡಿಕೇರಿ ಸುತ್ತ ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆ ಏನಾಯಿತು ಅಂತ ನಿಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಉಟ್ಟ ಬಟ್ಟೆಯಲ್ಲಿ ಓಡಿ ಬಂದವರು ಟ್ರಂಕ್ ಎತ್ತಿಕೊಂಡು ಬರುತ್ತಾರಾ? ಮರುವರ್ಷವೇ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳು ಮುಳುಗಿದವು. ಅದೂ ಸೈನಿಕರ ಸೀಮೆಯೇ. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಇರುವುದೇ ಬೆಳಗಾವಿಯಲ್ಲಿ. ಅಲ್ಲಿಯೂ ಎಷ್ಟು ಮನೆಗಳ ಗೋಡೆ ಮೇಲಿದ್ದ ಫ್ರೇಮು ನೀರಲ್ಲಿ ಹೋಯಿತೋ.

ನೆರೆ, ಗುಡ್ಡ ಕುಸಿತ ಅಂದರೆ ಪೇಪರಲ್ಲಾದರೂ ಬರುತ್ತದೆ. ಜಾಸ್ತಿ ಪದಕ ಹೋಗುವುದು ಸದ್ದಿಲ್ಲದೆ. ಮನೆ ಪಾಲಾಗುವಾಗ ಹೋಗುತ್ತದೆ. ಊರಿಂದ ಊರಿಗೆ ವರ್ಗಾವಣೆಯಲ್ಲಿ ಹೋಗುತ್ತದೆ. ಕಳ್ಳ ಬಂದರೆ ಬೆಳ್ಳಿ ಅಂದುಕೊಂಡು ಅದನ್ನೂ ಬಾಚಿಕೊಂಡು ಹೋಗುತ್ತಾನೆ. ಮೊಮ್ಮಕ್ಕಳು ಆಟಕ್ಕೆ ತೆಗೆದುಕೊಂಡು ಕಾಫಿ ತೋಟದಲ್ಲಿ ಬೀಳಿಸಿ ಬರುತ್ತಾರೆ. ಕಷ್ಟಕಾಲದಲ್ಲಿ ಮಾರಿದವರೂ ಇದ್ದಾರೆ, ಅವರನ್ನು ನಾನು ದೂರುವುದಿಲ್ಲ. ಮೊದಲನೇ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ನಿಜವಾದ ಬೆಳ್ಳಿಯದ್ದು, ಎಷ್ಟೋ ಮನೆಗಳಲ್ಲಿ ಅದು ಅಕ್ಕಸಾಲಿಗರ ಕುಲುಮೆಗೆ ಹೋಗಿದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಕುದುರೆ ಮೇಲೆ ಹೋಗಿ ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್‌ನವರ ಮನೆಗಳಲ್ಲಿ ಇವತ್ತು ಎಷ್ಟು ಪದಕ ಉಳಿದಿವೆಯೋ ಯಾರಿಗೆ ಗೊತ್ತು. ಅವು ಬ್ರಿಟಿಷ್ ಸರ್ಕಾರದ ಪದಕಗಳು, ಮೊದಲನೇ ಯುದ್ಧದ ಪದಕಕ್ಕೆ ಆ ಸರ್ಕಾರ ಈಗ ಬದಲಿ ಕೊಡುವುದಿಲ್ಲ. ಆ ಬಾಗಿಲು ಮುಚ್ಚಿತು ಅಂತಲೇ ಅಂದುಕೊಳ್ಳೋಣ. ನಾನು ಹೇಳುತ್ತಿರುವುದು 1947ರಿಂದ ಈಚೆಗೆ ನಮ್ಮದೇ ಸರ್ಕಾರ ಕೊಟ್ಟ ಪದಕಗಳ ಬಗ್ಗೆ.

ಮನೆಯಲ್ಲಿ ಪದಕ ಇದ್ದವರು ಒಂದು ಸಲ ಕೈಗೆ ತೆಗೆದುಕೊಂಡು ಅದರ ಅಂಚನ್ನು ತಿರುಗಿಸಿ ನೋಡಿ. ಮುಂದಿನ ಚಿತ್ರ ಅಲ್ಲ, ಹಿಂದಿನ ಬರಹ ಅಲ್ಲ, ನಾಣ್ಯದ ಅಂಚಿನಂಥ ಆ ಸಣ್ಣ ಜಾಗ. ನಕ್ಷತ್ರದ ಆಕಾರದ ಸ್ಟಾರ್ ಆದರೆ ಹಿಂಭಾಗದಲ್ಲಿ ನೋಡಿ. ಅಲ್ಲಿ ಸೈನಿಕನ ನಂಬರ್, ರ್‍ಯಾಂಕ್, ಹೆಸರು, ರೆಜಿಮೆಂಟ್ ಕೆತ್ತಿರುತ್ತದೆ. ಅಕ್ಷರ ತೀರಾ ಸಣ್ಣದು, ವಯಸ್ಸಾದವರಿಗೆ ಭೂತಗನ್ನಡಿ ಬೇಕು. ಅಂಗಡಿಯಲ್ಲಿ ಸಿಗುವ ಮೆಡಲ್‌ಗೂ ಸರ್ಕಾರ ಕೊಟ್ಟದ್ದಕ್ಕೂ ಇರುವ ವ್ಯತ್ಯಾಸ ಇದೇ. ಕಂಟೋನ್ಮೆಂಟ್ ಇರುವ ಯಾವ ಊರಿಗೆ ಹೋದರೂ ಮಿಲಿಟರಿ ಸಾಮಾನಿನ ಅಂಗಡಿ ಇರುತ್ತದೆ. ಅಲ್ಲಿ ಬೆಲ್ಟು, ಬ್ಯಾಡ್ಜು, ಟೋಪಿ ಜೊತೆ ಮೆಡಲ್ ಕೂಡ ಸಿಗುತ್ತದೆ. ದುಡ್ಡು ಕೊಟ್ಟರೆ ಯಾವುದು ಬೇಕಾದರೂ ಕೋಟಿಗೆ ಸಿಕ್ಕಿಸುವ ಹಾಗೆ ಸಾಲಾಗಿ ಜೋಡಿಸಿ ಕೊಡುತ್ತಾರೆ. ಅದರಲ್ಲಿ ಹೆಸರು ಇರುವುದಿಲ್ಲ.

ಅಂಗಡಿಯವರನ್ನು ಬೈಯುತ್ತಿಲ್ಲ. ಅಸಲಿ ಪದಕ ಸಮಯಕ್ಕೆ ಬಾರದೆ, ಸರ್ವೀಸ್ ಇರುವಾಗಲೇ ಅಂಗಡಿ ಮೆಡಲ್ ಹಾಕಿಕೊಂಡು ಪರೇಡ್ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಪದಕ ಮಂಜೂರಾದದ್ದು ಪಾರ್ಟ್ ಟೂ ಆರ್ಡರ್ ಅನ್ನುವ ಸೇನೆಯ ಲಿಖಿತ ಆದೇಶದಲ್ಲಿ ಬಂದಿರುತ್ತದೆ, ಎದೆ ಮೇಲೆ ರಿಬ್ಬನ್ ಇರುತ್ತದೆ, ಆದರೆ ಲೋಹದ ಪದಕ ಮಾತ್ರ ಬಂದಿರುವುದಿಲ್ಲ. ಹಾಗೇ ರಿಟೈರ್ ಆಗಿ ಬಂದವರೂ ಇದ್ದಾರೆ. ಇದು ಸೇನೆಯಲ್ಲಿದ್ದ ಎಲ್ಲರಿಗೂ ಗೊತ್ತಿರುವ ವಿಷಯ, ಗುಟ್ಟೇನೂ ಅಲ್ಲ.

ಹಾಗಾದರೆ ಅಜ್ಜಿಗೆ ನಾನು ಏನು ಉತ್ತರ ಹೇಳಿದೆ? ಸಿಗಬಹುದು ಅಂದೆ. ಕಳೆದ ಪದಕಕ್ಕೆ ಬದಲಿ ಕೊಡುವ ಪದ್ಧತಿ ಸೇನೆಯಲ್ಲಿ ಇದೆ. ಕೇಳಬೇಕಾದ್ದು ಅವರವರ ರೆಕಾರ್ಡ್ ಆಫೀಸನ್ನು, ಅಂದರೆ ಸೈನಿಕರ ಸೇವಾ ದಾಖಲೆ ಇಡುವ ಕಚೇರಿಯನ್ನು. ಕಷ್ಟ ಶುರುವಾಗುವುದೇ ಇಲ್ಲಿ. ಭೂಸೇನೆಗೆ ಒಂದೇ ರೆಕಾರ್ಡ್ ಆಫೀಸ್ ಅಂತ ಇಲ್ಲ, ಒಂದೊಂದು ರೆಜಿಮೆಂಟಿಗೆ ಒಂದೊಂದು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಹಲಸೂರು ಕೆರೆ ಪಕ್ಕ. ಸಾಗಣೆ, ಸರಬರಾಜಿನ ಎಎಸ್‌ಸಿ ಆದರೂ ಬೆಂಗಳೂರೇ. ಮದ್ರಾಸ್ ರೆಜಿಮೆಂಟ್ ಆದರೆ ಊಟಿ ಹತ್ತಿರದ ವೆಲ್ಲಿಂಗ್ಟನ್. ತೋಪುಖಾನೆ, ಅಂದರೆ ಆರ್ಟಿಲರಿ ಆದರೆ ನಾಸಿಕ್. ಸಿಗ್ನಲ್ಸ್ ಆದರೆ ಜಬಲ್‌ಪುರ. ಯಂತ್ರ, ವಾಹನ ರಿಪೇರಿಯ ಇಎಂಇ ಆದರೆ ಸಿಕಂದರಾಬಾದ್. ನೌಕಾಪಡೆಯ ನಾವಿಕರದ್ದು ಮುಂಬೈ, ವಾಯುಪಡೆಯದ್ದು ದೆಹಲಿ. ಗಂಡ ಯಾವ ಊರಲ್ಲಿದ್ದರು ಅಂತ ಹೆಂಡತಿಗೆ ಗೊತ್ತಿರುತ್ತದೆ, ಯಾವ ರೆಕಾರ್ಡ್ಸ್ ಅಂತ ಹೇಗೆ ಗೊತ್ತಿರಬೇಕು? "ಪಂಜಾಬ್ ಕಡೆ ಇದ್ರು, ದೊಡ್ಡ ತೋಪು ಹೊಡೀತಿದ್ರಂತೆ" ಅಂದರೆ ನಾನು ಕ್ಲರ್ಕ್ ಆಗಿದ್ದವನು, ಆರ್ಟಿಲರಿ ಇರಬೇಕು, ನಾಸಿಕ್‌ಗೆ ಬರೆಯೋಣ ಅಂತ ಊಹಿಸುತ್ತೇನೆ. ಹೀಗೆ ಊಹಿಸುವವರು ಹತ್ತಿರ ಇಲ್ಲದ ಊರಿನಲ್ಲಿ ಏನು ಮಾಡಬೇಕು?

ಆಮೇಲೆ ಕಾಗದಗಳು. ನಿವೃತ್ತಿಯಾಗುವಾಗ ಸೇನೆ ಕೊಡುವ ಡಿಸ್ಚಾರ್ಜ್ ಬುಕ್ ಪ್ರತಿ ಬೇಕು. ಡಿಸ್ಚಾರ್ಜ್ ಬುಕ್ ಪದಕದ ಜೊತೆಗೇ ಟ್ರಂಕಿನಲ್ಲಿತ್ತು, ಅದೂ ಹೋಗಿದೆ! ಪೊಲೀಸ್ ದೂರಿನ ಪ್ರತಿ ಬೇಕು. ಮನೆ ಮೇಲೆ ಗುಡ್ಡ ಬಿದ್ದದ್ದಕ್ಕೆ ಯಾರ ಮೇಲೆ ದೂರು ಕೊಡುವುದು ಸ್ವಾಮಿ? ಅಫಿಡವಿಟ್ ಬೇಕು, ಅದಕ್ಕೆ ಛಾಪಾ ಕಾಗದ, ನೋಟರಿ, ಬಸ್ ಚಾರ್ಜು, ಒಂದು ದಿನದ ಕೂಲಿ. ಒಂದು ಕಚೇರಿಯಲ್ಲಿ, ಯಾವುದು ಅಂತ ಬೇಡ, ನಾನು ಅಜ್ಜಿಯನ್ನು ಕರೆದುಕೊಂಡು ಹೋದಾಗ ಮೇಜಿನ ಆಚೆ ಇದ್ದವರು ಮರ್ಯಾದೆಯಿಂದಲೇ ಕೂರಿಸಿ, ನೀರು ಕೊಟ್ಟು, ಆಮೇಲೆ ಹೇಳಿದರು: "ಯಾಕಮ್ಮಾ ಈ ವಯಸ್ಸಲ್ಲಿ ಓಡಾಡ್ತೀರ, ಅಂಗಡೀಲಿ ಸಿಗುತ್ತೆ, ತಗೊಂಡು ಫೋಟೋ ಪಕ್ಕ ಇಟ್ಟುಬಿಡಿ." ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತೇ ಅದು. ಅಜ್ಜಿ ಏನೂ ಅನ್ನಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಮಾತ್ರ, "ಅಂಗಡಿಯದ್ದರಲ್ಲಿ ಅವರ ಹೆಸರು ಇರೂದಿಲ್ಲ ಅಲ್ವಾ" ಅಂದರು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಇದು ದುಡ್ಡಿನ ವಿಷಯ ಅಲ್ಲ. ಶೌರ್ಯ ಪದಕ ಪಡೆದವರಿಗೆ ತಿಂಗಳಿಗೆ ಒಂದು ಭತ್ಯೆ ಬರುತ್ತದೆ, ಪದಕ ಕಳೆದರೂ ಅದು ನಿಲ್ಲುವುದಿಲ್ಲ, ಯಾಕೆಂದರೆ ಅದು ನಿಂತಿರುವುದು ಗೆಜೆಟ್ ಮೇಲೆ. ಯುದ್ಧದಲ್ಲಿದ್ದದ್ದಕ್ಕೆ, ಸಿಯಾಚಿನ್‌ನಲ್ಲಿ ಚಳಿ ಕುಡಿದದ್ದಕ್ಕೆ, ಇಷ್ಟು ವರ್ಷ ಸೇವೆ ಮಾಡಿದ್ದಕ್ಕೆ ಕೊಡುವ ಪದಕಗಳಿಗೆ ಭತ್ಯೆಯೂ ಇಲ್ಲ. ಅಂದರೆ ಬದಲಿ ಪದಕ ಕೇಳುವವರಿಗೆ ಒಂದು ರೂಪಾಯಿ ಲಾಭ ಇಲ್ಲ. ಲಾಭ ಇಲ್ಲದ್ದನ್ನು ಇಷ್ಟು ಕಷ್ಟಪಟ್ಟು ಕೇಳುತ್ತಾರೆ ಅಂದರೆ ಅದರ ಬೆಲೆ ಏನು ಅಂತ ಕಚೇರಿಯಲ್ಲಿ ಕೂತವರು ಯೋಚಿಸಬೇಕು.

ಸರ್ಕಾರಕ್ಕೆ ಪದಕದ ಬೆಲೆ ಗೊತ್ತಿಲ್ಲ ಅಂತಲೂ ಅಲ್ಲ. ಸೇನಾ ಕಾಯ್ದೆ 1950ರ 54ನೇ ಸೆಕ್ಷನ್ ತೆಗೆದು ನೋಡಿ. ಸೇನೆಯಲ್ಲಿರುವವನು ತನಗೆ ಕೊಟ್ಟ ಪದಕವನ್ನು ಮಾರಿದರೆ, ಅಡವಿಟ್ಟರೆ, ಹಾಳುಮಾಡಿದರೆ ಅದು ಅಪರಾಧ. ಸರ್ವೀಸ್‌ನಲ್ಲಿ ಇರುವಾಗ ಇಷ್ಟು ಬಿಗಿ! ಅದೇ ಮನುಷ್ಯ ತೀರಿಕೊಂಡ ಮೇಲೆ, ಅವನ ಹೆಂಡತಿ ಅದೇ ಪದಕ ಕಳೆದುಹೋಯಿತು ಅಂತ ಬಂದರೆ ಅಂಗಡಿ ದಾರಿ ತೋರಿಸುವುದು ಯಾವ ನ್ಯಾಯ?

"ಹಳೆಯ ರೆಕಾರ್ಡ್ ಹುಡುಕುವುದು ಕಷ್ಟ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ನಾನು ಅದೇ ಕೆಲಸ ಮಾಡಿದವನು. ಜವಾನರ, ಜೆಸಿಓಗಳ (ಸುಬೇದಾರ್ ದರ್ಜೆಯವರ) ಶೀಟ್ ರೋಲ್ ಅಂತ ಒಂದು ಇರುತ್ತದೆ, ಭರ್ತಿಯಾದ ದಿನದಿಂದ ಬಿಟ್ಟ ದಿನದವರೆಗೆ ಎಲ್ಲ ಅದರಲ್ಲಿ. ರಜೆ, ಕೋರ್ಸು, ಶಿಕ್ಷೆ, ಮದುವೆ, ಮಕ್ಕಳು, ಪದಕ. ಶೌರ್ಯ ಪದಕವಾದರೆ ಇನ್ನೂ ಸುಲಭ, ಭಾರತದ ಗೆಜೆಟ್‌ನಲ್ಲಿ ಪ್ರಕಟವಾಗಿರುತ್ತದೆ, ರಕ್ಷಣಾ ಇಲಾಖೆಯ ಶೌರ್ಯ ಪ್ರಶಸ್ತಿಗಳ ವೆಬ್‌ಸೈಟ್‌ನಲ್ಲಿ ಹೆಸರು ಹೊಡೆದರೂ ಸಿಗುತ್ತದೆ. ಸೈನಿಕನ ನಂಬರ್ ಒಂದು ಸಿಕ್ಕರೆ ಮಿಕ್ಕದ್ದು ಸಿಗುತ್ತದೆ. ಪೆನ್ಶನ್ ಬರುತ್ತಿರುವ ಮನೆಯಲ್ಲಿ ಪಿಪಿಒ, ಅಂದರೆ ಪೆನ್ಶನ್ ಮಂಜೂರಾತಿ ಆದೇಶ ಇದ್ದೇ ಇರುತ್ತದೆ, ಅದರಲ್ಲಿ ನಂಬರ್ ಇದ್ದೇ ಇರುತ್ತದೆ. ಈಗಂತೂ ಸೇನಾ ಪೆನ್ಶನ್ ಎಲ್ಲ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ಅಜ್ಜಿ ಬದುಕಿದ್ದಾರೆ ಅಂತ ಪ್ರತಿ ವರ್ಷ ಮೊಬೈಲ್ ಹಿಡಿದು ಮುಖ ತೋರಿಸಿ ಸಾಬೀತು ಮಾಡಬಹುದು, ಆದರೆ ಅಜ್ಜ ಯುದ್ಧ ಮಾಡಿದ್ದರು ಅನ್ನುವುದಕ್ಕೆ ನೋಟರಿ ಬೇಕು!

ಅಮೆರಿಕದವರ ಕಥೆ ಹೇಳುತ್ತೇನೆ. ಅಲ್ಲಿ ಸೇಂಟ್ ಲೂಯಿಸ್ ಊರಿನಲ್ಲಿ ಮಾಜಿ ಸೈನಿಕರ ದಾಖಲೆ ಇಡುವ ದೊಡ್ಡ ಕೇಂದ್ರ ಇದೆ. 1973ರ ಜುಲೈ 12ರಂದು ಅಲ್ಲಿಗೆ ಬೆಂಕಿ ಬಿತ್ತು. 1.6 ಕೋಟಿಗೂ ಜಾಸ್ತಿ ಫೈಲು ಸುಟ್ಟವು. 1912ರಿಂದ 1960ರವರೆಗೆ ಬಿಡುಗಡೆಯಾದ ಭೂಸೇನೆಯವರ ದಾಖಲೆಯಲ್ಲಿ ಸುಮಾರು ಶೇ 80ರಷ್ಟು ಬೂದಿ. ಎರಡು ಮಹಾಯುದ್ಧ, ಕೊರಿಯಾ ಯುದ್ಧ, ಎಲ್ಲ ಅದರಲ್ಲೇ. ಅವರು ಕೈ ಚೆಲ್ಲಿ ಕೂರಲಿಲ್ಲ. ಸಂಬಳದ ಪಟ್ಟಿ, ತುಕಡಿಗಳ ದಿನದ ವರದಿ, ಆಸ್ಪತ್ರೆ ದಾಖಲೆ ಇಂಥವುಗಳಿಂದ ಒಬ್ಬೊಬ್ಬರ ಸೇವೆಯನ್ನು ಮತ್ತೆ ಕಟ್ಟಿದರು, ಇವತ್ತಿಗೂ ಕಟ್ಟುತ್ತಿದ್ದಾರೆ. ಒಂದೇ ಫಾರಂ ತುಂಬಿ ಕಳಿಸಿದರೆ ಸಾಮಾನ್ಯವಾಗಿ ಸೈನಿಕನಿಗೂ ಅವನ ಹತ್ತಿರದ ಸಂಬಂಧಿಗೂ ಪದಕ ಉಚಿತವಾಗಿ ಬರುತ್ತದೆ. ಅಲ್ಲೂ ತಿಂಗಳುಗಟ್ಟಲೆ ಕಾಯಬೇಕು, ಸ್ವರ್ಗ ಅಂತ ಹೇಳುತ್ತಿಲ್ಲ. ಆದರೆ ಫೈಲೇ ಸುಟ್ಟುಹೋದವರು ಹುಡುಕಿ ಕೊಡುತ್ತಿರುವಾಗ, ಅಂಥ ಬೆಂಕಿ ಬೀಳದ ನಾವು ಕಷ್ಟ ಅನ್ನಬಾರದು ಅಲ್ವಾ?

ನಮ್ಮವರಿಗೂ ಮನಸ್ಸು ಮಾಡಿದರೆ ಆಗುತ್ತದೆ. ನಮ್ಮ ಜಿಲ್ಲೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರನ್ನೇ ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಏನಾಯಿತು ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳೆಯ ಮಿಸ್ಟೇರ್ ವಿಮಾನದಲ್ಲಿ ಅವರು ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಹೊಡೆದು ಬೀಳಿಸಿದ್ದರು ಅನ್ನುವುದು ಎಷ್ಟೋ ವರ್ಷದ ಮೇಲೆ ಆಚೆ ಕಡೆಯ ವಿವರಗಳಿಂದಲೇ ಹೊರಬಂತು. 1988ರಲ್ಲಿ ಮಹಾವೀರ ಚಕ್ರ ಬಂತು, ಅವರ ಪತ್ನಿ ಅದನ್ನು ಪಡೆದರು. 23 ವರ್ಷದ ಮೇಲೆ, ಶತ್ರು ದೇಶದ ಕಡೆಯಿಂದ ಬಂದ ಮಾಹಿತಿ ನೋಡಿ, ಹೊಸದಾಗಿ ಪದಕ ಕೊಡಲು ಸಾಧ್ಯವಾದ ಸರ್ಕಾರಕ್ಕೆ ತಾನೇ ಕೊಟ್ಟು ತಾನೇ ಬರೆದಿಟ್ಟುಕೊಂಡ ಪದಕವನ್ನು ಇನ್ನೊಂದು ಸಲ ಕೊಡಲು ಆಗುವುದಿಲ್ಲವೇ?

ಎರಡು ತೊಡಕುಗಳಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಒಂದು, ಮೋಸ. ಕಳೆದಿದೆ ಅಂತ ಹೇಳಿ ಎರಡನೆಯದು ತೆಗೆದುಕೊಂಡು ಮೊದಲನೆಯದನ್ನು ಮಾರುವವರು ಹುಟ್ಟಿಕೊಳ್ಳಬಹುದು. ಹಳೆ ಪದಕ ಕೊಳ್ಳುವವರು ದೇಶ ವಿದೇಶದಲ್ಲಿ ಇದ್ದಾರೆ. ಇದಕ್ಕೆ ಮದ್ದು ಸರಳ. ಬ್ರಿಟನ್‌ನಲ್ಲಿ ಬದಲಿ ಪದಕದ ಮೇಲೆ ಅದು ಬದಲಿ ಅನ್ನುವ ಸಣ್ಣ ಗುರುತು ಹಾಕುತ್ತಾರೆ. ನಮ್ಮಲ್ಲೂ ಹೆಸರಿನ ಪಕ್ಕ ಅಂಥ ಒಂದು ಗುರುತು ಕೆತ್ತಿದರೆ ಮುಗಿಯಿತು. ಹೆಸರು ಇರುವುದು ಮುಖ್ಯ, ಗುರುತಿನ ಬಗ್ಗೆ ಯಾವ ಅಜ್ಜಿಯೂ ತಕರಾರು ತೆಗೆಯುವುದಿಲ್ಲ.

ಇನ್ನೊಂದು ಸ್ವಲ್ಪ ಕಷ್ಟದ್ದು. ಯಾರಿಗೆ ಕೊಡುವುದು? ಹೆಂಡತಿಗೋ, ಅಪ್ಪ ಅಮ್ಮನಿಗೋ, ಮಕ್ಕಳಲ್ಲಿ ಯಾರಿಗೆ? ಈ ಜಗಳ ಬರೀ ಕಲ್ಪನೆ ಅಲ್ಲ. ಗುಜರಾತಿನ ಲ್ಯಾನ್ಸ್ ನಾಯಕ್ ಗೋಪಾಲ್ ಸಿಂಗ್ ಭದೌರಿಯಾ 2017ರಲ್ಲಿ ಕಾಶ್ಮೀರದ ಕಾರ್ಯಾಚರಣೆಯಲ್ಲಿ ಪ್ರಾಣ ಕೊಟ್ಟರು. ಶೌರ್ಯ ಚಕ್ರ ಬಂತು. ಮನೆಯೊಳಗಿನ ವ್ಯಾಜ್ಯ ಕೋರ್ಟಿಗೆ ಹೋಗಿ ಪದಕ ತಲುಪುವುದೇ ವರ್ಷಗಟ್ಟಲೆ ತಡವಾಯಿತು. ಕೊನೆಗೆ 2022ರಲ್ಲಿ ಅದು ಹೆತ್ತವರ ಮನೆಗೆ ಪಾರ್ಸೆಲ್‌ನಲ್ಲಿ ಬಂತು. ಅವರು ತೆಗೆದುಕೊಳ್ಳದೆ ವಾಪಸ್ ಕಳಿಸಿದರು. ನನ್ನ ಮಗನ ಪದಕ ಅಂಚೆಯಲ್ಲಿ ಬರಬೇಕಾದ್ದಲ್ಲ ಅನ್ನುವುದು ಆ ತಂದೆಯ ನೋವು. ನನಗೆ ಅವರು ಮಾಡಿದ್ದು ಸರಿ ಅನ್ನಿಸಿತು. ಹಾಗಾಗಿ ಬದಲಿ ಪದಕ ಯಾರಿಗೆ, ಯಾವ ಸರದಿಯಲ್ಲಿ ಅಂತ ಮೊದಲೇ ಬರೆದು ಊರಿಗೆಲ್ಲ ಗೊತ್ತಾಗುವಂತೆ ಪ್ರಕಟಿಸಲಿ. ಮೊಮ್ಮಕ್ಕಳನ್ನೂ ಆ ಪಟ್ಟಿಯಲ್ಲಿ ಸೇರಿಸಲಿ, 1962, 1965ರವರ ಮನೆಗಳಲ್ಲಿ ಈಗ ಕೇಳುವವರು ಮೊಮ್ಮಕ್ಕಳೇ.

ಈಗ ನನ್ನ ಬೇಡಿಕೆ. ರೆಕಾರ್ಡ್ ಆಫೀಸು, ಪದಕ, ಇವೆಲ್ಲ ಕೇಂದ್ರದ ವಿಷಯ ಅಂತ ನಮ್ಮ ರಾಜ್ಯದವರು ಕೈ ತೊಳೆದುಕೊಳ್ಳುವುದು ಬೇಡ. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳಿವೆ. ಅಲ್ಲಿ ಪದಕಕ್ಕೆ ಅಂತ ಒಂದು ಫಾರಂ ಇಡಿ, ಕನ್ನಡದಲ್ಲಿ. ಹೆಸರು, ನಂಬರ್ ಗೊತ್ತಿದ್ದರೆ ನಂಬರ್, ಇಲ್ಲದಿದ್ದರೆ ಪಿಪಿಒ ಪ್ರತಿ, ಹೇಗೆ ಕಳೆಯಿತು ಅನ್ನುವುದು ನಾಲ್ಕು ಸಾಲು. ಯಾವ ರೆಕಾರ್ಡ್ ಆಫೀಸ್ ಅಂತ ಹುಡುಕಿ ಕಳಿಸುವುದು ಕಚೇರಿಯ ಕೆಲಸವಾಗಲಿ, ಮನೆಯವರದ್ದಲ್ಲ. ಮೊಬೈಲ್ ಕಳೆದರೆ ಪೊಲೀಸರ ಈ-ಲಾಸ್ಟ್‌ನಲ್ಲಿ ಮನೆಯಲ್ಲೇ ಕೂತು ವರದಿ ತೆಗೆದುಕೊಳ್ಳಬಹುದು, ಪದಕಕ್ಕೂ ಅದೇ ಸಾಕು ಅಂತ ಮಾಡಿ. ನೆರೆಯಲ್ಲಿ, ಗುಡ್ಡ ಕುಸಿತದಲ್ಲಿ ಮನೆ ಹೋದವರ ಪಟ್ಟಿ ತಹಶೀಲ್ದಾರರ ಹತ್ತಿರವೇ ಇದೆ, ಪರಿಹಾರ ಕೊಟ್ಟದ್ದು ಅದರ ಮೇಲೆ ತಾನೇ? ಅಂಥವರಿಗೆ ದೂರೂ ಬೇಡ, ಅಫಿಡವಿಟ್ಟೂ ಬೇಡ, ತಹಶೀಲ್ದಾರರ ಒಂದು ಚೀಟಿ ಸಾಕಾಗಬೇಕು. ಪದಕದ ಖರ್ಚು ಕಟ್ಟಬೇಕು ಅಂದರೆ ಅದನ್ನು ರಾಜ್ಯವೇ ಕಟ್ಟಲಿ. ಒಂದು ಸನ್ಮಾನ ಸಮಾರಂಭದ ಹಾರ, ಶಾಲು, ಪೆಂಡಾಲಿಗೆ ಆಗುವಷ್ಟೂ ಆಗಲಿಕ್ಕಿಲ್ಲ.

ಜನವರಿ 14 ಮಾಜಿ ಸೈನಿಕರ ದಿನ. 1953ರಲ್ಲಿ ಅದೇ ದಿನ ನಮ್ಮ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ನಿವೃತ್ತರಾದರು ಅನ್ನುವ ಕಾರಣಕ್ಕೇ ಆ ದಿನ ಆರಿಸಿದ್ದು. ಅವತ್ತು ಹೇಗೂ ಅಲ್ಲಲ್ಲಿ ಕಾರ್ಯಕ್ರಮ ಆಗುತ್ತದೆ, ಭಾಷಣ ಆಗುತ್ತದೆ. ಮಾಜಿ ಸೈನಿಕರ ರ್‍ಯಾಲಿಗಳಲ್ಲಿ ರೆಕಾರ್ಡ್ ಆಫೀಸಿನವರು ಪೆನ್ಶನ್ ದೂರಿಗೆ ಅಂತ ಮೇಜು ಹಾಕಿ ಕೂರುವುದನ್ನು ನೋಡಿದ್ದೇನೆ. ಹಾಗೆಯೇ ಆ ದಿನ ಮಡಿಕೇರಿಯಲ್ಲಿ, ಬೆಳಗಾವಿಯಲ್ಲಿ ಪದಕಕ್ಕೆ ಅಂತ ಒಂದು ಮೇಜು ಹಾಕಿ. ಅರ್ಜಿ ಅಲ್ಲೇ ತೆಗೆದುಕೊಳ್ಳಿ, ಹಿಂದಿನ ವರ್ಷದ ಅರ್ಜಿಗೆ ಬಂದ ಪದಕಗಳನ್ನು ಅದೇ ವೇದಿಕೆಯಲ್ಲಿ ಕೈಗೆ ಕೊಡಿ. ಪಾರ್ಸೆಲ್ ಬೇಡ.

ಬೆಂಗಳೂರಿನ ಓದುಗರಿಗೂ ಗುಜರಿ ವ್ಯಾಪಾರದವರಿಗೂ ಒಂದು ಮಾತು. ಸಂಡೇ ಬಜಾರಿನಲ್ಲಿ ಹಳೆ ನಾಣ್ಯಗಳ ರಾಶಿಯಲ್ಲಿ ಪದಕ ಕಂಡರೆ ಅಂಚು ನೋಡಿ. ಹೆಸರು ಇದ್ದರೆ ಅದು ಯಾವುದೋ ಮನೆಯದ್ದು. ಹತ್ತಿರದ ಸೈನಿಕ ಕಲ್ಯಾಣ ಕಚೇರಿಗೆ ತಲುಪಿಸಿ, ನಂಬರ್ ಇಟ್ಟುಕೊಂಡು ರೆಕಾರ್ಡ್ಸ್‌ನವರು ಮನೆ ಹುಡುಕಬಲ್ಲರು.

ಪದಕ ಇನ್ನೂ ಮನೆಯಲ್ಲೇ ಇರುವವರು ಈ ಭಾನುವಾರ ಒಂದು ಅರ್ಧ ಗಂಟೆ ಮಾಡಿಕೊಳ್ಳಿ. ಪದಕದ ಮುಂದೆ, ಹಿಂದೆ, ಅಂಚು ಮೂರೂ ಕಾಣುವ ಹಾಗೆ ಮೊಬೈಲಲ್ಲಿ ಫೋಟೋ ತೆಗೆಯಿರಿ. ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟದ ಫೋಟೋ ತೆಗೆದು ದೂರದ ಊರಲ್ಲಿರುವ ಮಗನಿಗೋ ಮಗಳಿಗೋ ಕಳಿಸಿ. ಡಿಸ್ಚಾರ್ಜ್ ಬುಕ್ ಇಲ್ಲದವರು ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ, ಯಾವ ಯಾವ ಪದಕ ಮಂಜೂರಾಗಿದೆ ಅಂತ ಬರೆದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು ಅನ್ನುವುದು ಕಾಯ್ದೆ. ಆ ಅಜ್ಜಿಯ ಅರ್ಜಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.

ಇಂತಿ,
ಒಬ್ಬ ನಿವೃತ್ತ ಹವಾಲ್ದಾರ್ (ಕ್ಲರ್ಕ್)
ಸೋಮವಾರಪೇಟೆ ತಾಲ್ಲೂಕು, ಕೊಡಗು